ಬಟನ್ ನೋಡುವ ಮೊದಲು ಟೈರಿನ ಪಕ್ಕೆ ಓದಿ

ಕಾಮಾಕ್ಷಿಪಾಳ್ಯದ ಒಳರಸ್ತೆಯಲ್ಲಿ ನಿಂತಿದ್ದ ಬೊಲೆರೊ ಪಿಕಪ್ಪಿನ ಹಿಂದಿನ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಧೂಳು ಒರೆಸುತ್ತಾ ಅಕ್ಷರ ಹುಡುಕುತ್ತಿದ್ದೆ. ಗಾಡಿ ಬಸವೇಶ್ವರನಗರದ ನಮ್ಮ ಬೀದಿಯವರೊಬ್ಬರದು. ಪೈಪು, ಆಂಗಲ್, ಪಟ್ಟಿ, ಒಟ್ಟಿನಲ್ಲಿ ಕಬ್ಬಿಣ ಸಾಗಿಸುವ ಕೆಲಸ. ಮೂರು ತಿಂಗಳ ಹಿಂದೆ ಹಿಂದಿನ ಎರಡು ಚಕ್ರಕ್ಕೆ ದಪ್ಪ ಬಟನ್ನಿನ ಆಲ್-ಟೆರೇನ್ ಟೈರು ಹಾಕಿಸಿದ್ದರು. ನೋಡಲು ಗತ್ತಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಈಗ ಒಂದರ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು.

“ಹೆವಿ ಡ್ಯೂಟಿ ಅಂತಲೇ ಕೊಟ್ಟಿದ್ದು ಸಾರ್. ಇಷ್ಟು ದಪ್ಪ ಇದೆ, ಇದಕ್ಕೂ ಬಬಲ್ ಬರುತ್ತಾ?”

ಉತ್ತರ ಧೂಳಿನಡಿಯೇ ಇತ್ತು. ಅಳತೆಯ ಪಕ್ಕದಲ್ಲಿ ಅಚ್ಚಾಗಿದ್ದ ಅಂಕಿ 100. ಮುಂದಿನ ಚಕ್ರದಲ್ಲಿದ್ದ ಹಳೇ ಟೈರು ನೋಡಲು ಬಡಕಲು. ಆದರೆ ಅದರ ಅಂಕಿ ಇದಕ್ಕಿಂತ ದೊಡ್ಡದು, ಜೊತೆಗೆ ‘ಎಲ್‌ಟಿ’ ಎಂಬ ಎರಡಕ್ಷರ, ‘8ಪಿಆರ್’ ಎಂಬ ಇನ್ನೊಂದು ಗುರುತು. ದಪ್ಪ ಇದ್ದದ್ದು ಬಟನ್ ಮಾತ್ರ. ಹೊರೆ ಹೊರಬೇಕಾದ ಮೈ ಎಸ್‌ಯುವಿ ಕಾರಿನದು. ಅಂಗಡಿಯವರು ಸುಳ್ಳು ಹೇಳಿದರೋ, ಅವರಿಗೂ ಗೊತ್ತಿರಲಿಲ್ಲವೋ, ಆ ಜಗಳಕ್ಕೆ ನಾನು ಹೋಗಲಿಲ್ಲ. ಆದರೆ ವಿಜಯನಗರದಿಂದ ಕೆಂಗೇರಿಯವರೆಗೆ ಪಿಕಪ್ ಇಟ್ಟುಕೊಂಡವರಲ್ಲಿ ಎಷ್ಟು ಜನ ಹೀಗೆ ಮುಖ ನೋಡಿ ಮಣೆ ಹಾಕಿರಬಹುದು ಎಂಬ ಯೋಚನೆ ಮಾತ್ರ ತಲೆಯಿಂದ ಹೋಗಲಿಲ್ಲ.

ಟೈರಿನ ಪಕ್ಕೆಯಲ್ಲಿ ಜಾತಕವೇ ಬರೆದಿರುತ್ತದೆ. 245/70 ಆರ್16 ಎಂದಿದ್ದರೆ ಅಗಲ 245 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 70 ಪಾಲು, ರೇಡಿಯಲ್ ಟೈರು, 16 ಇಂಚಿನ ರಿಮ್ಮು. ಇಷ್ಟು ಎಲ್ಲರೂ ನೋಡುತ್ತಾರೆ. ಇದರ ಪಕ್ಕದಲ್ಲೇ ಇರುವ ಅಂಕಿ ಮತ್ತು ಅಕ್ಷರವನ್ನು ಯಾರೂ ನೋಡುವುದಿಲ್ಲ. ಅಂಕಿ ಅಂದರೆ ಲೋಡ್ ಇಂಡೆಕ್ಸ್. ಇದು ಕೆಜಿ ಅಲ್ಲ, ಕೋಡು. 100 ಎಂದರೆ ಒಂದು ಟೈರು 800 ಕೆಜಿ ಹೊರುತ್ತದೆ. 104 ಎಂದರೆ 900, 108 ಎಂದರೆ 1,000, 112 ಎಂದರೆ 1,120, 115 ಎಂದರೆ 1,215. ಕೋಡು ನಾಲ್ಕು ಮೆಟ್ಟಿಲು ಏರಿದರೆ ನೂರು ಕೆಜಿ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಎಂದು ನೆನಪಿಟ್ಟುಕೊಂಡರೆ ಸಾಕು. ಅದರ ಮುಂದಿನ ಅಕ್ಷರ ವೇಗದ ಮಿತಿ: ಎನ್ ಗಂಟೆಗೆ 140 ಕಿಲೋಮೀಟರ್, ಕ್ಯೂ 160, ಆರ್ 170, ಎಸ್ 180. ನಮ್ಮ ಮಾಗಡಿ ರಸ್ತೆಯ ಮಟ್ಟಿಗೆ ಈ ಅಕ್ಷರಕ್ಕೆ ತಲೆ ಕೆಡಿಸಿಕೊಳ್ಳಬೇಕಾದ್ದಿಲ್ಲ. ಸುಮನಹಳ್ಳಿ ಸಿಗ್ನಲ್ಲಿನಲ್ಲಿ 14 ಕಿಲೋಮೀಟರ್ ಸಿಕ್ಕರೇ ಪುಣ್ಯ.

ಎಲ್‌ಟಿ ಎಂದರೆ ಲೈಟ್ ಟ್ರಕ್, ಸರಕಿನ ಗಾಡಿಯ ಟೈರು. ಪಿಆರ್ ಎಂದರೆ ಪ್ಲೈ ರೇಟಿಂಗ್. ಹಿಂದೆ ನೂಲಿನ ಪದರಗಳನ್ನು ನಿಜವಾಗಿಯೂ ಎಣಿಸಿ ಹೇಳುತ್ತಿದ್ದ ಲೆಕ್ಕ ಇದು. ಈಗಿನ ರೇಡಿಯಲ್‌ನಲ್ಲಿ ಎಂಟು ಪದರ ಇರುವುದಿಲ್ಲ, ಎಂಟು ಪದರದಷ್ಟು ಬಲ ಎಂದು ಅರ್ಥ. 2005ರಲ್ಲಿ ಬಂದ ಟಾಟಾ ಏಸ್, ನಮ್ಮ ಬೀದಿಗಳ ‘ಚೋಟಾ ಹಾಥಿ’, ಅದರ ಪುಟಾಣಿ ಚಕ್ರವನ್ನೇ ನೋಡಿ: 145 ಆರ್12 ಎಲ್‌ಟಿ 8ಪಿಆರ್. ಮಗುವಿನ ಸೈಕಲ್ಲಿನಂತೆ ಕಾಣುವ ಆ ಹನ್ನೆರಡು ಇಂಚಿನ ಟೈರಿಗೆ ಎಂಟು ಪ್ಲೈ ಬಲ! ನಮ್ಮ ಬೀದಿಯವರ ದಪ್ಪ ಬಟನ್ ಟೈರಿನ ಮೇಲೆ ಆ ಗುರುತೇ ಇರಲಿಲ್ಲ.

ಹಾಗಾದರೆ ನಿಮ್ಮ ಗಾಡಿಗೆ ಎಷ್ಟು ಬೇಕು? ಅಂದಾಜು ಬೇಡ, ತೂಗಿಸಿ. ಪೀಣ್ಯದ ಕಡೆ, ಮೈಸೂರು ರಸ್ತೆಯ ಕಡೆ ವೇಬ್ರಿಡ್ಜ್‌ಗಳಿಗೆ ಬರವಿಲ್ಲ. ದಿನನಿತ್ಯ ಹಾಕುವಷ್ಟೇ ಸರಕು ಹಾಕಿ, ಮೊದಲು ಪೂರ್ತಿ ಗಾಡಿ ತೂಗಿಸಿ, ಆಮೇಲೆ ಮುಂದಿನ ಚಕ್ರ ತಟ್ಟೆಯಿಂದ ಆಚೆ ಇಳಿಯುವಂತೆ ಮುಂದಕ್ಕೆ ಹೋಗಿ ಹಿಂದಿನ ಆಕ್ಸಲ್ ಒಂದನ್ನೇ ತೂಗಿಸಿ. ಪಿಕಪ್ಪಿನಲ್ಲಿ ಹೊರೆಯೆಲ್ಲ ಹಿಂದೆಯೇ ಬೀಳುವುದರಿಂದ ಈ ಎರಡನೇ ಚೀಟಿಯೇ ಮುಖ್ಯ. ಹಿಂದಿನ ಆಕ್ಸಲ್ ಮೇಲೆ 2,000 ಕೆಜಿ ಬಂತು ಎನ್ನಿ. ಒಂದು ಟೈರಿಗೆ 1,000 ಕೆಜಿ, ಅಂದರೆ 108ಕ್ಕೆ ಕಡಿಮೆ ಇರಕೂಡದು. ಅಲ್ಲಿ 100ರ ಟೈರು ಹಾಕಿದರೆ ಎರಡೂ ಸೇರಿ ಹೊರುವುದು 1,600. ಉಳಿದ 400 ಕೆಜಿ ಪಕ್ಕೆಯ ಮೇಲೆ ಸವಾರಿ ಮಾಡುತ್ತದೆ. ರಿಂಗ್ ರಸ್ತೆಯ ತಿರುವಿನಲ್ಲಿ ಗಾಡಿ ಒಂದು ಕಡೆ ವಾಲಿದಾಗ ಒಂದೇ ಟೈರಿನ ಪಾಲು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಲೆಕ್ಕಕ್ಕಿಂತ ಎರಡು ಮೂರು ಮೆಟ್ಟಿಲು ಮೇಲಿನದನ್ನೇ ತೆಗೆದುಕೊಳ್ಳಿ. ಚೀಟಿಯ ತೂಕ ಆರ್‌ಸಿಯಲ್ಲಿ ಬರೆದ ತೂಕವನ್ನು ಮೀರಿದ್ದರೆ ಅದು ಟೈರಿನ ಸಮಸ್ಯೆ ಅಲ್ಲ, ಬೇರೆ ಮಾತು.

ಇಲ್ಲೊಂದು ಗುಟ್ಟಿದೆ. ಆ ಅಂಕಿ ನಿಜವಾಗುವುದು ಪಕ್ಕೆಯಲ್ಲಿ ಹೇಳಿದಷ್ಟು ಗಾಳಿ ಇದ್ದಾಗ ಮಾತ್ರ. ಎಲ್‌ಟಿ ಟೈರಿನ ಮೇಲೆ ಸಣ್ಣ ಅಕ್ಷರದಲ್ಲಿ ಗರಿಷ್ಠ ಹೊರೆ ಇಷ್ಟು, ಇಷ್ಟು ಪಿಎಸ್‌ಐನಲ್ಲಿ ಎಂದು ಬರೆದಿರುತ್ತಾರೆ. ಆರು ಪ್ಲೈನದಕ್ಕೆ ಸಾಮಾನ್ಯವಾಗಿ 50, ಎಂಟಕ್ಕೆ 65, ಹತ್ತಕ್ಕೆ 80. ಒಳ್ಳೇ ಹತ್ತು ಪ್ಲೈ ಟೈರು ಹಾಕಿಸಿ, ಬಂಕಿನ ಹುಡುಗ “ಎಷ್ಟು ಸಾರ್?” ಅಂದಾಗ ಕಾರಿನ ಅಭ್ಯಾಸದಲ್ಲಿ “ಮೂವತ್ತೆರಡು” ಎಂದರೆ ಮುಗಿಯಿತು, ಕೊಟ್ಟ ಕಾಸೆಲ್ಲ ನೀರಿಗೆ. ಗಾಳಿ ಕಡಿಮೆ ಇದ್ದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚುತ್ತದೆ. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುತ್ತದಲ್ಲ, ಅದೇ ಕಥೆ. ಊರೊಳಗೆ ನಿಂತು ನಿಂತು ಹೋಗುವಾಗ ಈ ಬಿಸಿ ಆರಿಹೋಗುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಹಾಗಲ್ಲ. ಕುಂಬಳಗೋಡು ದಾಟಿ ಕಾಲಿಟ್ಟರೆ ಮದ್ದೂರಿನವರೆಗೂ ಚಕ್ರಕ್ಕೆ ಪುರುಸೊತ್ತಿಲ್ಲ. ಹೊರೆ, ಬೇಸಿಗೆಯ ಮಧ್ಯಾಹ್ನ, ಕಡಿಮೆ ಗಾಳಿ ಮೂರೂ ಸೇರಿದರೆ ರಬ್ಬರ್ ಒಳಗಿನ ಉಕ್ಕಿನ ಬೆಲ್ಟಿನಿಂದ ಬಿಟ್ಟುಕೊಳ್ಳಲು ಶುರುವಾಗುತ್ತದೆ. ಹೆದ್ದಾರಿ ಬದಿಯಲ್ಲಿ ಸತ್ತ ಹಾವಿನಂತೆ ಬಿದ್ದಿರುವ ರಬ್ಬರ್ ಪಟ್ಟಿಗಳಲ್ಲಿ ಎಷ್ಟೋ ಹೀಗೆ ಎದ್ದುಬಂದವು.

ಹಾಗೆಂದು ಖಾಲಿ ಗಾಡಿಗೂ 65 ಇಡಬೇಡಿ. ಖಾಲಿ ಪಿಕಪ್ ಮೊದಲೇ ಕುಪ್ಪಳಿಸುವ ಪ್ರಾಣಿ. ಗಾಳಿ ಜಾಸ್ತಿಯಾದರೆ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗಿ, ಮಳೆಯಲ್ಲಿ ಬ್ರೇಕ್ ಹಾಕಿದಾಗ ಹಿಂಬದಿ ಜಾರುತ್ತದೆ. ಚಾಲಕನ ಬಾಗಿಲು ತೆರೆದರೆ ಅಂಚಿನಲ್ಲಿ ಅಂಟಿಸಿದ ಪಟ್ಟಿಯಲ್ಲಿ, ಇಲ್ಲವೇ ಗಾಡಿಯ ಕೈಪಿಡಿಯಲ್ಲಿ ಖಾಲಿಗೆಷ್ಟು, ಲೋಡಿಗೆಷ್ಟು ಎಂದು ಕೊಟ್ಟಿರುತ್ತಾರೆ. ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ, ಟೈರು ತಣ್ಣಗಿದ್ದಾಗ ನೋಡಬೇಕು. ಇನ್ನು ನೈಟ್ರೋಜನ್ ಹಾಕಿಸಬೇಕೇ ಎಂದು ಕೇಳುವವರಿಗೆ: ಪುಕ್ಕಟೆ ಸಿಗುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಆ ದುಡ್ಡಿಗೆ ಒಂದು ಒಳ್ಳೇ ಪ್ರೆಷರ್ ಗೇಜ್ ಬರುತ್ತದೆ.

ಈಗ ಬಟನ್ನಿಗೆ ಬರೋಣ. ಹೆದ್ದಾರಿ ಟೈರು, ಎಚ್‌ಟಿ, ಇದರಲ್ಲಿ ಉದ್ದುದ್ದ ಗೆರೆ, ಸಣ್ಣ ಸೀಳು. ಕೆಸರು ಟೈರು, ಎಂಟಿ, ಇದರಲ್ಲಿ ಇಟ್ಟಿಗೆಯಂಥ ಬಟನ್, ನಡುವೆ ಬೆರಳು ಹೋಗುವಷ್ಟು ಸಂದು. ಆಲ್-ಟೆರೇನ್, ಎಟಿ, ಇವೆರಡರ ನಡುವಿನದು. ಬಟನ್ ಇದೆ, ಆದರೆ ಒತ್ತೊತ್ತಾಗಿ; ಗೆರೆ ಆಳ; ಪಕ್ಕೆಯ ಭುಜದ ಮೇಲೂ ಹಲ್ಲಿನಂಥ ಗಟ್ಟಿ ರಬ್ಬರ್. ಜಲ್ಲಿಕಲ್ಲು, ಸಡಿಲ ಮಣ್ಣು, ಹೊಲದ ದಾರಿಯಲ್ಲಿ ಇದು ಹಿಡಿಯುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ತೂಕ ಹೆಚ್ಚು, ಡೀಸೆಲ್ ಸ್ವಲ್ಪ ಹೆಚ್ಚು, ಕಾಂಕ್ರೀಟ್ ಹಾಕಿದ ವೈಟ್‌ಟಾಪಿಂಗ್ ರಸ್ತೆಯಲ್ಲಿ ಗುಂಯ್ ಎನ್ನುವ ಸದ್ದು, ಒದ್ದೆ ಟಾರಿನ ಮೇಲೆ ಒಳ್ಳೇ ಎಚ್‌ಟಿಗಿಂತ ನಿಲ್ಲುವುದು ತುಸು ತಡ. ಎಲ್ಲ ಎಟಿಗಳೂ ಒಂದೇ ರೀತಿ ಅಲ್ಲ. ಬಟನ್ನಿನ ಮೈಮೇಲೆ ಬ್ಲೇಡಿನಲ್ಲಿ ಎಳೆದಂಥ ಸಣ್ಣ ಸೀಳುಗಳು ಹೆಚ್ಚಿದ್ದಷ್ಟೂ ಮಳೆಯಲ್ಲಿ ಹಿಡಿತ ಚೆನ್ನ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ಗಳೇ ಜೋರು ಮಳೆಯ ತಿಂಗಳುಗಳು, ಆದ್ದರಿಂದ ಈ ಸೀಳುಗಳನ್ನು ಎಣಿಸದಿದ್ದರೂ ಇವೆಯೇ ಎಂದು ನೋಡಿಕೊಳ್ಳಿ. ಬೆಟ್ಟ ಮತ್ತು ಹಿಮದ ಹರಳಿನ ಚಿತ್ರ ಇರುವ ಟೈರಿಗೆ ಹೆಚ್ಚು ದುಡ್ಡು ಕೇಳಿದರೆ ನಕ್ಕು ಬಿಡಿ. ಕೆಂಗೇರಿಯಲ್ಲಿ ಹಿಮ ಬೀಳುವುದಿಲ್ಲ.

ಯಾರಿಗೆ ಬೇಕು ಎಟಿ? ನನ್ನ ಮಾತು ಕೆಲವರಿಗೆ ರುಚಿಸದಿರಬಹುದು: ರಾಜಾಜಿನಗರ ಕೈಗಾರಿಕಾ ಎಸ್ಟೇಟು, ಪೀಣ್ಯ, ಕಾಮಾಕ್ಷಿಪಾಳ್ಯ, ಕಲಾಸಿಪಾಳ್ಯದ ನಡುವೆ ಓಡುವ ಸರಕಿನ ಪಿಕಪ್ಪಿಗೆ ಬೇಡ. ಅಲ್ಲಿ ಬೇಕಾದ್ದು ಹೊರೆ ಹೊರುವ ಎಲ್‌ಟಿ ಟೈರು, ಸಾದಾ ಗೆರೆಯದ್ದೇ ಸಾಕು. ಈ ಬೀದಿಗಳ ಶತ್ರು ಕೆಸರಲ್ಲ, ಲೇತ್ ಮಷೀನಿನಿಂದ ಉದುರಿದ ಕಬ್ಬಿಣದ ಸುರುಳಿ ಚೂರು. ಸ್ಪ್ರಿಂಗಿನಂತೆ ಸುತ್ತಿಕೊಂಡು, ಅಂಚು ಬ್ಲೇಡಿನಂತೆ ಹರಿತವಾಗಿ, ಮೋರಿ ಪಕ್ಕದ ಧೂಳಿನಲ್ಲಿ ಹೊಳೆಯುತ್ತಾ ಬಿದ್ದಿರುತ್ತದೆ. ಎಟಿಯ ಆಳದ ಬಟನ್ ಇದರಿಂದ ಸ್ವಲ್ಪ ಕಾಪಾಡುತ್ತದೆ, ನಿಜ. ಆದರೆ ಚೂರು ಪಕ್ಕೆಗೆ ಚುಚ್ಚಿದರೆ ಯಾವ ಬಟನ್ನೂ ಕಾಯುವುದಿಲ್ಲ, ಮತ್ತು ಪಕ್ಕೆಗೆ ಬಿದ್ದ ತೂತಿಗೆ ಪಂಕ್ಚರ್ ಹಾಕಿಸಕೂಡದು. ನೆಲಕ್ಕೆ ತಾಗುವ ಭಾಗದ ತೂತಿಗೂ ಹೊರಗಿಂದ ರಬ್ಬರ್ ಎಳೆ ತುರುಕಿ ಮುಗಿಸುವುದಕ್ಕಿಂತ, ಟೈರು ಬಿಚ್ಚಿ ಒಳಗಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸುವುದು ಲೇಸು. ಲೋಡ್ ಗಾಡಿಗಂತೂ ಅದೇ ಸರಿ.

ಎಟಿ ನಿಜವಾಗಿ ಬೇಕಾದವರು ಕೆಂಗೇರಿಯಿಂದ ಆಚೆ ಸಿಗುತ್ತಾರೆ. ಮೈಸೂರು ರಸ್ತೆ, ಮಾಗಡಿ ರಸ್ತೆಗಳ ನಡುವೆ ಹನ್ನೆರಡು ಹಳ್ಳಿಗಳ ನೆಲದಲ್ಲಿ ಬಿಡಿಎ ಮಾಡುತ್ತಿರುವ ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಸಿಮೆಂಟು, ಎಂ-ಸ್ಯಾಂಡ್, ಕಿಟಕಿ ಬಾಗಿಲು ಸಾಗಿಸುವವರು. ತಾವರೆಕೆರೆ ಕಡೆ ಜಲ್ಲಿ ತರಲು ಹೋಗುವವರು. ರಾಮೋಹಳ್ಳಿ, ದೊಡ್ಡಾಲದ ಮರ, ಮಂಚನಬೆಲೆ ದಾರಿಯಿಂದ ತೋಟಕ್ಕೆ ಇಳಿಯುವವರು. ನನ್ನ ಭಾವ ಈ ಮೂರನೆಯವರ ಪೈಕಿ. ಕೆಂಗೇರಿ ಉಪನಗರದಲ್ಲಿ ಮನೆ, ಮಾಗಡಿ ದಾಟಿದ ಮೇಲೆ ಮಾವಿನ ತೋಟ, ಇಸುಜು ವಿ-ಕ್ರಾಸ್ ಗಾಡಿ. ಮಳೆಗಾಲದಲ್ಲಿ ಕೊನೆಯ ಒಂದೂವರೆ ಕಿಲೋಮೀಟರ್ ಕೆಮ್ಮಣ್ಣು ಬೆಣ್ಣೆಯಾಗುತ್ತದೆ. “ನಿಂಗೇನಪ್ಪ, ಮೆಟ್ರೋದಲ್ಲಿ ಕೂತು ಬರೀತೀಯ. ಒಂದು ದಿನ ಬಂದು ಗಾಡಿ ತಳ್ಳು, ಗೊತ್ತಾಗತ್ತೆ” ಎಂದು ಬೈಸಿಕೊಂಡ ಮೇಲೆ ಅವರಿಗೆ ಎಟಿ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೂ ಒಂದು ಲೆಕ್ಕ ಕೊಟ್ಟೆ: ತಿಂಗಳ ಓಡಾಟದಲ್ಲಿ ಟಾರಿಲ್ಲದ ದಾರಿ ಐದನೇ ಒಂದು ಪಾಲಾದರೂ ಇದ್ದರೆ ಎಟಿ, ಇಲ್ಲದಿದ್ದರೆ ಎಚ್‌ಟಿ. ಇದು ಯಾವ ಕಂಪನಿಯ ಸೂತ್ರವೂ ಅಲ್ಲ, ನನ್ನದೇ ಅಂದಾಜು. ಆದರೆ ಐದನೇ ಒಂದಕ್ಕಿಂತ ಕಡಿಮೆ ಇದ್ದರೂ ಆ ದಾರಿಯಲ್ಲೇ ಗಾಡಿ ಸಿಕ್ಕಿಬೀಳುವುದಾದರೆ ಲೆಕ್ಕ ಬದಿಗಿಟ್ಟು ಎಟಿ ತೆಗೆದುಕೊಳ್ಳಿ.

ಭಾವನಿಗೆ ಇನ್ನೊಂದು ಆಸೆ ಇತ್ತು, ಒಂದು ಸೈಜು ದೊಡ್ಡದು ಹಾಕಿಸುವುದು. ಅವರ ಗಾಡಿಯದು 245/70 ಆರ್16. ಪೂರ್ತಿ ಎತ್ತರ ಎಂದರೆ 245ರ ನೂರಕ್ಕೆ 70, ಅದರ ಎರಡರಷ್ಟು, ಅದಕ್ಕೆ ರಿಮ್ಮಿನ 406 ಮಿಲಿಮೀಟರ್ ಸೇರಿಸಿದರೆ ಸುಮಾರು 749. ಅವರು ಕೇಳಿದ 265/70 ಆರ್16 ಸುಮಾರು 777. ನೂರಕ್ಕೆ ಮೂರು ಮುಕ್ಕಾಲು ಹೆಚ್ಚು. ಮೀಟರಿನಲ್ಲಿ 80 ತೋರಿಸುವಾಗ ಗಾಡಿ ನಿಜವಾಗಿ ಓಡುವುದು ಅದಕ್ಕಿಂತ 3 ಹೆಚ್ಚು. ಕಿಲೋಮೀಟರ್ ಓಡಿದ್ದು ಕಡಿಮೆ ತೋರಿಸುತ್ತದೆ. ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಒಳಗಡೆ ಮಡ್‌ಗಾರ್ಡಿಗೆ ಉಜ್ಜಬಹುದು. ದಿಬ್ಬದಲ್ಲಿ ಎಳೆತ ಸೊರಗುತ್ತದೆ. ಇದೇ ಲೆಕ್ಕ ಟೊಯೊಟಾ ಹೈಲಕ್ಸ್‌ಗೆ ಹಾಕಿ ನೋಡಿ: 265/65 ಆರ್17ಕ್ಕೂ 265/60 ಆರ್18ಕ್ಕೂ ಒಂದು ಮಿಲಿಮೀಟರಿನಷ್ಟೇ ವ್ಯತ್ಯಾಸ. ಕಂಪನಿಯವರು ರಿಮ್ ಬದಲಿಸಿದರೂ ಎತ್ತರ ಬದಲಿಸುವುದಿಲ್ಲ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ತಡೆ ಹಾಕಿದೆ. ಅಪಘಾತವಾಗಿ ವಿಮೆಯವರು ಗಾಡಿ ನೋಡಲು ಬಂದಾಗ ಇದೆಲ್ಲ ನೆನಪಾಗುವುದು ಬೇಡ. ಭಾವ ಗೊಣಗುತ್ತಲೇ ಹಳೇ ಸೈಜಿಗೆ ಒಪ್ಪಿದರು.

ಅವರದು ಫೋರ್-ವೀಲ್ ಡ್ರೈವ್. ಅಂಥ ಗಾಡಿಗೆ ನಾಲ್ಕೂ ಒಂದೇ ಟೈರು, ಸವೆತವೂ ಹತ್ತಿರ ಹತ್ತಿರ ಇರಬೇಕು. ಮುಂದಿನದೂ ಹಿಂದಿನದೂ ಎತ್ತರದಲ್ಲಿ ಬೇರೆಯಾದರೆ ಫೋರ್-ವೀಲ್ ಹಾಕಿದಾಗ ಒಂದನ್ನೊಂದು ಎಳೆದಾಡಿ ಗೇರ್‌ಗಳಿಗೆ ಪೆಟ್ಟು. ಟೂ-ವೀಲ್ ಪಿಕಪ್ಪಿನಲ್ಲೂ ಒಂದೇ ಆಕ್ಸಲ್ಲಿನಲ್ಲಿ ನೈಲಾನ್ ಒಂದು, ರೇಡಿಯಲ್ ಒಂದು ಬೇಡವೇ ಬೇಡ. ಎರಡೇ ಹೊಸದು ಕೊಳ್ಳುವಷ್ಟು ದುಡ್ಡಿದ್ದರೆ ಹೊಸದು ಹಿಂದಕ್ಕೆ.

ಅಂಗಡಿಗೆ ಹೋದಾಗ ಹೆಸರು ಕೇಳಿ ಮೋಸ ಹೋಗಬೇಡಿ. ಜೆಕೆಯ ರೇಂಜರ್, ಅಪೊಲೊದ ಆಪ್ಟೆರಾ, ಯೊಕೊಹಾಮಾದ ಜಿಯೊಲ್ಯಾಂಡರ್, ಇವು ಒಂದೊಂದು ಟೈರಿನ ಹೆಸರಲ್ಲ, ಮನೆತನದ ಹೆಸರು. ಒಂದೇ ಹೆಸರಿನಲ್ಲಿ ಎಚ್‌ಟಿಯೂ ಇದೆ, ಎಟಿಯೂ ಇದೆ. ಹೆಸರಿನ ಮುಂದಿನ ಅಕ್ಷರ ಕೇಳಿ. (ಹಳಬರಿಗೆ ನೆನಪಿರಬಹುದು: ನಮ್ಮ ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಪಾಲಾಯಿತು, ಕಾರ್ಖಾನೆ ಇಂದಿಗೂ ಮೈಸೂರಿನಲ್ಲೇ ಇದೆ.) ಹೊರದೇಶದ ಬ್ರ್ಯಾಂಡ್ ಆಸೆಪಟ್ಟರೆ ಒಂದು ವಿಷಯ ಗಮನದಲ್ಲಿರಲಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರು ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಇವತ್ತು ನಾಲ್ಕು ಸಿಕ್ಕವು ಎಂದರೆ ಮುಂದಿನ ವರ್ಷ ಒಂದು ಹರಿದಾಗ ಅದೇ ಸೈಜು, ಅದೇ ಮಾದರಿ ಸಿಗುತ್ತದೆ ಎಂದೇನಿಲ್ಲ.

ತಯಾರಾದ ತಾರೀಖು ನೋಡದೆ ದುಡ್ಡು ಎಣಿಸಬೇಡಿ. ಪಕ್ಕೆಯಲ್ಲಿ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2325 ಎಂದರೆ 2025ರ 23ನೇ ವಾರ. ಕೆಲವೊಮ್ಮೆ ಇದು ಒಂದು ಪಕ್ಕೆಯಲ್ಲಿ ಮಾತ್ರ ಅಚ್ಚಾಗಿರುತ್ತದೆ. ಆ ಪಕ್ಕೆ ಒಳಗಡೆ ಬರುವಂತೆ ಕೂರಿಸಿಬಿಟ್ಟರೆ ಆಮೇಲೆ ಗಾಡಿಯಡಿ ಮಲಗಿ ಓದಬೇಕು. ಆರು ತಿಂಗಳು ಹಳೆಯದು ತೊಂದರೆಯಿಲ್ಲ. ಎರಡು ವರ್ಷ ಮೀರಿದ್ದಕ್ಕೆ ಹೊಸ ರೇಟು ಕೊಡಬಾರದು. ಐಎಸ್‌ಐ ಗುರುತು ಕಡ್ಡಾಯ, ಅದೂ ಇರಲಿ. ಬಿಲ್ಲು ಬೇಡ ಎಂದರೆ ಕಡಿಮೆ ಮಾಡುತ್ತೇನೆ ಎಂಬ ಮಾತು ಜೆಸಿ ರಸ್ತೆಯಿಂದ ನಾಗರಬಾವಿಯವರೆಗೆ ಎಲ್ಲಾದರೂ ಕಿವಿಗೆ ಬೀಳಬಹುದು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. 8,000 ರೂಪಾಯಿ ಮೂಲ ಬೆಲೆಯ ಟೈರು 10,240ರಿಂದ 9,440ಕ್ಕೆ ಬಂತು. ಬಿಲ್ಲಿಲ್ಲದೆ ಉಳಿಸುವ ದುಡ್ಡಿಗಾಗಿ ವಾರಂಟಿ ಕಳೆದುಕೊಳ್ಳಬೇಡಿ. ವಾರಂಟಿ ಎಂದರೂ ತಯಾರಿಕೆಯ ದೋಷಕ್ಕೆ ಮಾತ್ರ; ಗುಂಡಿಗೆ ಬಿದ್ದು ಬಂದ ಬಬಲ್‌ಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ಹಾಕಿಸಿದ ಮೇಲೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ. ಐವತ್ತು ಅರವತ್ತು ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಎಟಿ ಬಟನ್ ಗರಗಸದ ಹಲ್ಲಿನಂತೆ ಒಂದು ಕಡೆ ಸವೆಯುವ ಜಾಯಮಾನದ್ದು; ಎಂಟು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಮಾಡದಿದ್ದರೆ ಸದ್ದು ಎರಡರಷ್ಟಾಗುತ್ತದೆ. ವಾರಕ್ಕೊಮ್ಮೆ ಸ್ಕ್ರೂಡ್ರೈವರ್ ಹಿಡಿದು ಸಂದಿನಲ್ಲಿ ಸಿಕ್ಕ ಜಲ್ಲಿ ಕೆದಕಿ ತೆಗೆಯಿರಿ. ಕೆಲವು ಟೈರುಗಳಲ್ಲಿ ಗೆರೆಯ ತಳದಲ್ಲಿ ಸಣ್ಣ ಏಣುಗಳನ್ನು ಮಾಡಿರುತ್ತಾರೆ, ಕಲ್ಲು ಕಚ್ಚದಂತೆ ಆಚೆ ತಳ್ಳಲು. ಇಲ್ಲದ್ದರಲ್ಲಿ ಕಲ್ಲು ಒಳಕ್ಕೆ ಕೊರೆಯುತ್ತಾ ಹೋಗುತ್ತದೆ, ಇಲ್ಲವೇ ನೈಸ್ ರಸ್ತೆಯಲ್ಲಿ ಸಿಡಿದು ಹಿಂದಿನ ಕಾರಿನ ಗಾಜಿಗೆ ಬೀಳುತ್ತದೆ. ಸವೆತಕ್ಕೆ ಕಾನೂನಿನ ಮಿತಿ 1.6 ಮಿಲಿಮೀಟರ್, ಗೆರೆಯೊಳಗಿನ ಅಡ್ಡಗಟ್ಟೆಗೆ ಬಟನ್ ಸಮವಾಯಿತೆಂದರೆ ಅಲ್ಲಿಗೆ ಬಂದಿದೆ. ರಾಜಾಜಿನಗರದ ಕೆಎ-02 ಇರಲಿ, ಜ್ಞಾನಭಾರತಿಯ ಕೆಎ-41 ಇರಲಿ, ಎಫ್‌ಸಿಗೆ ಹೋಗುವ ಗಾಡಿಯಲ್ಲಿ ಇದನ್ನು ನೋಡುತ್ತಾರೆ. ಮಳೆಗಾಲಕ್ಕೆ 3 ಮಿಲಿಮೀಟರಿಗೇ ಬದಲಿಸುವವರು ಜಾಣರು.

ಬೊಲೆರೊ ಇಟ್ಟುಕೊಂಡಿದ್ದ ನಮ್ಮ ಬೀದಿಯವರು ಆ ಎರಡು ಎಟಿಯನ್ನು ಬಿಚ್ಚಿಸಿ, ಗಾಡಿಗೆ ಹೇಳಿದ ಅಳತೆಯ ಎಲ್‌ಟಿ ಜೋಡಿ ಹಾಕಿಸಿದರು. ಬಬಲ್ ಇಲ್ಲದ ಇನ್ನೊಂದು ಎಟಿಯನ್ನು ಸ್ಟೆಪ್ನಿ ಮಾಡಿಕೊಳ್ಳುವ ಯೋಚನೆ ಅವರದು. ಅದೂ ಹೊರೆ ಹೊರದ ಟೈರೇ ಎಂದೆ. “ಹಂಗಾದ್ರೆ ಇರೋ ಸ್ಟೆಪ್ನಿನೇ ಇರಲಿ ಬಿಡಿ, ಹೊಸಾದು, ಒಂದ್ಸಲಾನೂ ಹಾಕಿಲ್ಲ” ಎಂದರು. ಅಂಗಡಿಯ ಹುಡುಗ ಗಾಡಿಯಡಿ ನುಸುಳಿ, ತುಕ್ಕು ಹಿಡಿದ ಸರಪಳಿಗೆ ಎಣ್ಣೆ ಬಿಟ್ಟು, ಹತ್ತು ನಿಮಿಷ ಒದ್ದಾಡಿ ಅದನ್ನು ಇಳಿಸಿದ. ಬಟನ್ ಮೇಲಿನ ರಬ್ಬರ್ ಕೂದಲು ಕೂಡ ಉದುರಿರಲಿಲ್ಲ. ಪಕ್ಕೆ ಒರೆಸಿದೆ: 3814. ಸುತ್ತಲೂ ಒಣಗಿದ ಕೆರೆಯ ತಳದಂತೆ ಸಣ್ಣ ಬಿರುಕು. ಹುಡುಗ ಗೇಜ್ ಇಟ್ಟ. ಮುಳ್ಳು ಅಲುಗಲಿಲ್ಲ.